ನಗು ಒಬ್ಬರ ಪಾಲು, ಪ್ರೀತಿ ಇನ್ನೊಬ್ಬರ ಪಾಲು: ನವನಗರದ ಒಬ್ಬ ಓದುಗರ ಪ್ರಕರಣ

ಪುಸ್ತಕ ವಾಪಸ್ ಬಂದಾಗ 147ನೇ ಪುಟದಲ್ಲಿ ಗುಳೇದಗುಡ್ಡ ಖಣದ, ಅಂದರೆ ರವಿಕೆ ಬಟ್ಟೆಯ, ಒಂದು ಚೂರು ಇತ್ತು. ಕಾದಂಬರಿ 290 ಪುಟದ್ದು. ವೈನಿ ಹದಿನೈದು ದಿನ ಇಟ್ಟುಕೊಂಡು, ಅರ್ಧ ಓದಿ, ಏನೂ ಹೇಳದೆ ನನ್ನ ಟೇಬಲ್ ಮೇಲೆ ಇಟ್ಟು ಹೋಗಿದ್ದರು. ಅವರಿಗೆ ನಾನು ಪುಸ್ತಕ ಕೊಡಲು ಶುರು ಮಾಡಿ ಆರು ವರ್ಷವಾಯಿತು. ಅರ್ಧಕ್ಕೆ ಬಿಟ್ಟಿದ್ದು ಇದೇ ಮೊದಲು.

ನಾನು ಬಾಗಲಕೋಟೆ ನವನಗರದಲ್ಲಿ ಹೈಸ್ಕೂಲ್ ಕನ್ನಡ ಟೀಚರ್. ತಿಂಗಳಿಗೊಂದು ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ಎಲ್ಲರೂ ಒಂದೇ ಪುಸ್ತಕ ಓದಿ ಬಂದಿರಬೇಕು. ಚಹಾ, ಚೂಡಾ, ಮಾತು. ವೈನಿ ನಮ್ಮ ಪಕ್ಕದ ಸೆಕ್ಟರಿನವರು. ವೈನಿ ಅಂದರೆ ಅತ್ತಿಗೆ, ಸುತ್ತಲಿನವರೆಲ್ಲ ಅವರನ್ನು ಕರೆಯುವುದೇ ಹಾಗೆ. ವಯಸ್ಸು ನಲವತ್ತೇಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ತವರು ಇಳಕಲ್ಲಿನ ನೇಕಾರರ ಮನೆ. ಗಂಡನ ಮನೆಯವರು ಹಳೆ ಬಾಗಲಕೋಟೆಯವರು. ಆಲಮಟ್ಟಿ ಹಿನ್ನೀರಿಗೆ ಓಣಿ ಬಿಟ್ಟುಕೊಟ್ಟು ಸೆಕ್ಟರ್ ನಂಬರಿನ ಮನೆಗೆ ಬಂದವರಲ್ಲಿ ಅವರೂ ಸೇರಿದ್ದಾರೆ.

ಅವರ ಓದು ಶುರುವಾದದ್ದು ಅತ್ತೆಯ ಟ್ರಂಕಿನಲ್ಲಿ ಸಿಕ್ಕ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳಿಂದ. ಪುರಾಣಿಕರು 1911ರಲ್ಲಿ ನಮ್ಮ ಬೀಳಗಿಯಲ್ಲಿ ಹುಟ್ಟಿದವರು, ಗೋಕಾಕದಲ್ಲಿ ಮಾಸ್ತರರಾಗಿದ್ದವರು. ಆಮೇಲೆ ತ್ರಿವೇಣಿ, ಎಂ.ಕೆ. ಇಂದಿರಾ. ಪ್ರೀತಿಯ ಕಥೆ ಅಂದರೆ ಮೂಗು ಮುರಿಯುವವರಲ್ಲ ವೈನಿ. ಜಗಳಾಡಿ ಜಗಳಾಡಿ ಕೊನೆಗೆ ಒಂದಾಗುವ ಜೋಡಿ ಅಂದರೆ ಅವರಿಗೆ ಜೀವ. ಅದಕ್ಕೇ ಈ ಪುಸ್ತಕ ತರಿಸಿದಾಗ ಮೊದಲು ಅವರ ಕೈಗೇ ಕೊಟ್ಟೆ.

ಪುಸ್ತಕದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದವರು ಹೊಸಬರು, ಇನ್ನೂ ಬರೆಯಬೇಕಾದವರು. ಹಿಂದಿನ ಕವರಿನಲ್ಲಿ ಇದು ಬಾಗಲಕೋಟೆಯಲ್ಲಿ ನಡೆಯುವ ರೊಮ್ಯಾಂಟಿಕ್ ಕಾಮಿಡಿ ಅಂತ ಇತ್ತು. ನಮ್ಮೂರಿನ ಹೆಸರು ಕಂಡು ನಾವೆಲ್ಲ ಹಿಗ್ಗಿದ್ದೆವು. ಬಾಗಲಕೋಟೆ ಅಂದರೆ ಪೇಪರಿನಲ್ಲಿ ಪ್ರವಾಹ, ಕಬ್ಬಿನ ದರ, ಪುನರ್ವಸತಿ. ಒಂದು ಪ್ರೀತಿಯ ಕಥೆ ನಮ್ಮ ಊರಿನ ಬೀದಿಯಲ್ಲಿ ನಡೆಯುವುದು ಸಣ್ಣ ಸಂತೋಷವಲ್ಲ.

ಕಥೆ ಹೀಗಿದೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗಿ. ಇಳಕಲ್ ಸೀರೆಯ ಬಗ್ಗೆ ಒಂದು ವಿಡಿಯೋ ಮಾಡಲು ಬರುತ್ತಾಳೆ. ಇಲ್ಲಿ ಒಬ್ಬ ಹುಡುಗ ಸಿಗುತ್ತಾನೆ. ಅವನು ಇಲ್ಲಿಯವನೇ, ಆದರೆ ಹೊರಗೆ ಓದಿ ಬಂದವನು. ಅವನ ಅಜ್ಜಿಯ ಸಮಾಧಾನಕ್ಕೆ ಇಬ್ಬರೂ ಸುಳ್ಳು ನಿಶ್ಚಿತಾರ್ಥ ಮಾಡಿಕೊಳ್ಳುತ್ತಾರೆ. ನಡುವೆ ನಿಜವಾದ ಪ್ರೀತಿ ಹುಟ್ಟುತ್ತದೆ. ಆಮೇಲೆ ಅವಳು ಅವನನ್ನು ಬೇರೆ ಹುಡುಗಿಯ ಜೊತೆ ನೋಡುತ್ತಾಳೆ. ಆ ಹುಡುಗಿ ಅವನ ಚಿಕ್ಕಪ್ಪನ ಮಗಳು. ಇದು ಓದುಗರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಸುಮಾರು ತೊಂಬತ್ತು ಪುಟ ಇಬ್ಬರೂ ಮಾತು ಬಿಡುತ್ತಾರೆ. ಕೊನೆಗೆ ಬಸ್‌ಸ್ಟ್ಯಾಂಡು, ಬೆಂಗಳೂರಿನ ರಾತ್ರಿ ಬಸ್ಸು, ಅವನು ಓಡಿ ಬರುವುದು.

ಮೂರು ದಿನ ಕಾದು ನಾನೇ ವೈನಿಯ ಮನೆಗೆ ಹೋದೆ. ಅವರು ಮಷಿನ್ ಮುಂದೆ ಕೂತು ತೋಳು ಕೂಡಿಸುತ್ತಿದ್ದರು.

"ಯಾಕ ವೈನಿ, ಪುಸ್ತಕ ಸೇರಲಿಲ್ಲೇನು?"

"ಇಲ್ರಿ ಟೀಚರ್. ನಗು ಬರಲಿಲ್ಲ."

"ಪ್ರೀತಿ?"

"ಅದೂ ಬರಲಿಲ್ಲ. ಎರಡೂ ಒಂದ ಕಾರಣಕ್ಕ ಬರಲಿಲ್ಲ ಅನಸ್ತೈತಿ. ಏನಂತ ಹೇಳಾಕ ಬರವಲ್ದು."

ನಾನು ಈ ಪ್ರಕರಣ ಬರೆಯಲು ಕೂತದ್ದೇ ಆ ಮಾತಿನಿಂದ. ಇಷ್ಟ ಆಗಲಿಲ್ಲ ಅನ್ನುವುದು ದಿನಾ ಕೇಳುವ ಮಾತು. ಎರಡೂ ಒಂದೇ ಕಾರಣಕ್ಕೆ ಬರಲಿಲ್ಲ ಅಂತ ಒಬ್ಬ ಓದುಗರು ಹೇಳಿದರೆ, ಆ ಕಾರಣ ಹುಡುಕುವುದು ಪುಸ್ತಕ ಕೊಟ್ಟವಳ ಜವಾಬ್ದಾರಿ ಅಲ್ವಾ?

ನನ್ನ ಮೊದಲ ಎರಡು ಊಹೆಗಳು ತಪ್ಪಾದವು

ಮೊದಲು ವಯಸ್ಸಿನ ಮೇಲೆ ಅನುಮಾನ ಬಂತು. ಇಪ್ಪತ್ತೈದರ ಹುಡುಗಿಯ ಕಥೆ, ವೈನಿಗೆ ದೂರವಾಯಿತೇನೋ. ಕೇಳಿದ ತಕ್ಷಣ ಅವರು ತಲೆ ಅಲ್ಲಾಡಿಸಿದರು. ತಮ್ಮ ಹತ್ತಿರ ಬ್ಲೌಸ್ ಹೊಲಿಸಲು ಬರುವವರಲ್ಲಿ ಅರ್ಧ ಜನ ಆ ವಯಸ್ಸಿನವರೇ, ಅವರ ಪ್ರೀತಿ, ಮುನಿಸು, ಮದುವೆ ಎಲ್ಲ ಅಳತೆ ಕೊಡುತ್ತಲೇ ಹೇಳುತ್ತಾರೆ ಅಂದರು. ಆ ಊಹೆಯನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದನ್ನು ಬಿಡಲು ಜಾಸ್ತಿ ಹೊತ್ತು ಹಿಡಿಯಿತು. ಕೊನೆ ಏನು ಅಂತ ಮೊದಲೇ ಗೊತ್ತಾಗುತ್ತದೆ, ಅದಕ್ಕೇ ಬೇಸರ ಬಂದಿರಬೇಕು ಅಂದುಕೊಂಡೆ. ಸುಳ್ಳು ನಿಶ್ಚಿತಾರ್ಥ, ತಪ್ಪು ತಿಳಿವಳಿಕೆ, ಕೊನೆಗೆ ಓಟ. ಇವೆಲ್ಲ ಹಳೆ ದಾರಿಗಳು. ವೈನಿಗೆ ಹಾಗಂತ ಹೇಳಿದೆ. ಅವರು ಮಷಿನ್ ನಿಲ್ಲಿಸಿ ಕೇಳಿದರು:

"ಪಾರಿಜಾತ ನೋಡೂವಾಗ ಕೊನೀಗೆ ಏನಾಗತೈತಿ ಅಂತ ನಿಮಗ ಗೊತ್ತಿರೂದಿಲ್ಲೇನ್ರಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಶ್ರೀಕೃಷ್ಣ ಪಾರಿಜಾತ ಈ ಭಾಗದ ಬಯಲಾಟ. ಕುಲಗೋಡ ತಮ್ಮಣ್ಣನ ಹೆಸರಿನ ಜೊತೆ ಸೇರಿಕೊಂಡು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಹಳ್ಳಿಯಲ್ಲಿ ಆಡಿದ ಆಟ. ಕೌಜಲಗಿ ನಿಂಗಮ್ಮನಂಥ ದೊಡ್ಡ ಕಲಾವಿದೆ ಬೆಳಗಿದ್ದು ಈ ಆಟದಲ್ಲೇ. ಕಥೆ ಏನು? ನಾರದ ತಂದ ಹೂವು ರುಕ್ಮಿಣಿಗೆ ಸಿಗುತ್ತದೆ. ಸತ್ಯಭಾಮೆಗೆ ಸಿಟ್ಟು ಬರುತ್ತದೆ. ಕೃಷ್ಣ ಬಂದು ಬಾಗಿಲ ಹೊರಗೆ ನಿಲ್ಲುತ್ತಾನೆ. ಅವಳು ಒಳಗಿನಿಂದ ನೀನು ಯಾರು ಅಂತ ಕೇಳುತ್ತಾಳೆ. ಅವನು ಒಂದು ಹೇಳಿದರೆ ಅವಳು ಇನ್ನೊಂದು ಅರ್ಥ ಹಚ್ಚಿ ತಿರುಗಿ ಎಸೆಯುತ್ತಾಳೆ. ಕೊನೆಗೆ ಇಬ್ಬರೂ ಒಂದಾಗುತ್ತಾರೆ. ಬಯಲಲ್ಲಿ ಕೂತ ಎಲ್ಲರಿಗೂ ಇದು ಗೊತ್ತು. ಆದರೂ ಬೆಳಗಾಗುವವರೆಗೆ ಯಾರೂ ಏಳುವುದಿಲ್ಲ.

ಕೊನೆ ಗೊತ್ತಿರುವುದು ಇಂಥ ಕಥೆಯ ಕರಾರು. ಅವರಿಬ್ಬರೂ ಸೇರುತ್ತಾರೆ ಅಂತ ನಂಬಿಯೇ ನಾವು ಪುಸ್ತಕ ಕೈಗೆತ್ತಿಕೊಳ್ಳುತ್ತೇವೆ. ಆ ದಾರಿಯ ಮೇಲಿನ ಮಾತು ನಮ್ಮನ್ನು ಕೂರಿಸಬೇಕು. ವೈನಿಗೆ ಇದು ನನಗಿಂತ ಮೊದಲೇ ಗೊತ್ತಿತ್ತು.

ಊರಿನ ತಪ್ಪುಗಳು

ಒಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಮ್ಮ ಗುಂಪಿನಲ್ಲಿ ಹಲವರು ಇದನ್ನೇ ದೊಡ್ಡದು ಮಾಡಿದರು. ಕಾದಂಬರಿಯಲ್ಲಿ ನಾಯಕಿ ಸಂಜೆ ನವನಗರದಿಂದ ಆಟೋದಲ್ಲಿ ಹತ್ತು ನಿಮಿಷಕ್ಕೆ ಬಾದಾಮಿಯ ಅಗಸ್ತ್ಯ ತೀರ್ಥ ಮುಟ್ಟುತ್ತಾಳೆ. ಬಾದಾಮಿ ಇಲ್ಲಿಂದ ಮೂವತ್ತು ಕಿಲೋಮೀಟರಿಗಿಂತ ಜಾಸ್ತಿ. ಹೋಳಿಯ ಅಧ್ಯಾಯದಲ್ಲಿ ಹಲಗಿ ಸದ್ದೇ ಇಲ್ಲ, ಬಣ್ಣದ ಬಂಡಿ ಇಲ್ಲ, ಡಿಜೆ ಇದೆ. ಬಾಗಲಕೋಟೆ ಹೋಳಿ ನೋಡಿದವರಿಗೆ ಇದು ನೋವು. ಬ್ಯಾರಲ್ ತುಂಬ ಬಣ್ಣ ಹೊತ್ತ ಬಂಡಿಗಳು ಎದುರಾಬದುರಾ ನಿಂತಾಗ ನಡೆಯುವ ಬಣ್ಣದ ಕಾಳಗದಲ್ಲಿ ಎಷ್ಟು ಪ್ರೀತಿಯ ಕಥೆಗಳು ಶುರುವಾಗಬಹುದು! ಬರೆದವರು ಒಮ್ಮೆ ಬಂದು ನೋಡಿದ್ದರೆ ಆ ಅಧ್ಯಾಯ ತಾನೇ ಬರೆಸಿಕೊಳ್ಳುತ್ತಿತ್ತು.

ಆದರೆ ವೈನಿ ಪುಸ್ತಕ ಬಿಟ್ಟದ್ದು ಇದಕ್ಕಲ್ಲ. ಹೋಳಿ ಬರುವುದು 90ನೇ ಪುಟದ ಹತ್ತಿರ. ಅದಾದ ಮೇಲೂ ಅವರು ಐವತ್ತು ಪುಟ ಓದಿದ್ದರು.

147ನೇ ಪುಟ

ನಾನು ಆ ಪುಟವನ್ನು ಮತ್ತೆ ಮತ್ತೆ ಓದಿದೆ. ಅಲ್ಲಿ ನಾಯಕನ ಸೋದರಮಾವ ನಾಯಕಿಗೆ ಊಟಕ್ಕೆ ಬಡಿಸುತ್ತಿದ್ದಾನೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. "ತಿನ್ರಿ, ತಿನ್ರಿ" ಅಂತ ಮತ್ತೆ ಮತ್ತೆ ಹಾಕುತ್ತಾನೆ. ಅವನ ಮಾತು ಅವಳಿಗೆ ಅರ್ಥವಾಗುವುದಿಲ್ಲ. ಅವಳು ನಾಯಕನ ಕಡೆ ನೋಡುತ್ತಾಳೆ. ನಾಯಕ ಮಾವನ ಮಾತನ್ನು ಅಣಕಿಸಿ ತೋರಿಸುತ್ತಾನೆ. ಇಬ್ಬರೂ ನಗುತ್ತಾರೆ. ಮಾವನಿಗೆ ತನ್ನನ್ನು ನೋಡಿ ನಗುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ, ಅವನೂ ನಗುತ್ತಾನೆ. ಕಾದಂಬರಿಯ ಪ್ರಕಾರ ಅವರಿಬ್ಬರ ನಡುವೆ ಸಲಿಗೆ ಹುಟ್ಟುವುದು ಇಲ್ಲಿಂದ.

ಖಣದ ಚೂರು ಸಿಕ್ಕಿಸಿದ್ದು ಇದೇ ಪುಟಕ್ಕೆ.

ಆಗ ಮೊದಲಿನಿಂದ ಮತ್ತೆ ಓದಿದೆ, ಕೈಯಲ್ಲಿ ಪೆನ್ಸಿಲ್ ಹಿಡಿದು. ಎಲ್ಲೆಲ್ಲಿ ಓದುಗರು ನಗಲಿ ಅಂತ ಬರೆದವರು ಬಯಸಿದ್ದಾರೋ ಅಲ್ಲೆಲ್ಲ ಅಂಚಿನಲ್ಲಿ ಗೆರೆ ಎಳೆದೆ. ಮೊದಲ ಐದು ಅಧ್ಯಾಯದಲ್ಲಿ 19 ಗೆರೆ ಬಿದ್ದವು. ಅದರಲ್ಲಿ 14 ಕಡೆ ನಗಿಸುವವರು ಪಕ್ಕದ ಪಾತ್ರಗಳು: ಮಾವ, ಅಡುಗೆಯ ಹೆಂಗಸು, ಆಟೋದವನು, ಲಾಡ್ಜಿನ ಹುಡುಗ. ಎಲ್ಲರೂ ಮಾತಾಡುವುದು ನಮ್ಮ ಕಡೆಯ ಕನ್ನಡ. ಮೂರು ಕಡೆ ಜಾರಿ ಬೀಳುವುದು, ಚಹಾ ಚೆಲ್ಲುವುದು. ನಾಯಕ ನಾಯಕಿ ಒಬ್ಬರಿಗೊಬ್ಬರು ಏನಾದರೂ ಹೇಳಿ ನಗು ಬರುವುದು ಬರೀ ಎರಡು ಕಡೆ.

ಇನ್ನೊಂದು ಗಮನಕ್ಕೆ ಬಂತು. ನಾಯಕ ಇದೇ ಊರಿನಲ್ಲಿ ಹುಟ್ಟಿ ಬೆಳೆದವನು. ಅವನ ಅಜ್ಜಿ, ಮಾವ, ತಂಗಿ ಎಲ್ಲರೂ "ಐತಿ, ಬ್ಯಾಡ, ಹ್ಯಾಂಗ" ಅನ್ನುತ್ತಾರೆ. ಅವನೊಬ್ಬ ಮಾತ್ರ ಬೆಂಗಳೂರಿನ ಕನ್ನಡ ಆಡುತ್ತಾನೆ, ಅಜ್ಜಿಯ ಜೊತೆ ಕೂಡ. ಯಾಕೆ? ಅವನು ಪ್ರೀತಿ ಮಾಡಬೇಕಲ್ಲ, ಅದಕ್ಕೆ.

ವೈನಿ ಹೇಳಲು ಬರವಲ್ದು ಅಂದ ಕಾರಣ ಇದೇ ಅಂತ ನನಗೆ ಅನಿಸಿತು. ಬರೆದವರು ನಗುವನ್ನು ನಮ್ಮ ಹಾಗೆ ಮಾತಾಡುವವರ ಮೇಲೆ ಹೊರಿಸಿದ್ದಾರೆ. ಪ್ರೀತಿಯನ್ನು ಬೇರೆ ಥರ ಮಾತಾಡುವ ಇಬ್ಬರಿಗೆ ಎತ್ತಿಟ್ಟಿದ್ದಾರೆ. ನಗಿಸುವ ಕೆಲಸ ಬೇರೆಯವರ ಪಾಲಾದದ್ದರಿಂದ ಆ ಇಬ್ಬರಿಗೆ ಆಡಲು ಮಾತೇ ಉಳಿದಿಲ್ಲ. ಮಾತಿಲ್ಲದೆ ಪ್ರೀತಿ ಹುಟ್ಟುವುದು ಹೇಗೆ? ಅವರು ಮಳೆಯಲ್ಲಿ ನೆನೆಯುತ್ತಾರೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಆಮೇಲೆ ಒಂದು ಫೋನಿನಲ್ಲಿ ಬಗೆಹರಿಯುವ ಅನುಮಾನದಿಂದ ತೊಂಬತ್ತು ಪುಟ ತುಂಬಿಸಬೇಕಾಗುತ್ತದೆ.

ಇದನ್ನು ವೈನಿಗೆ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ತಮ್ಮ ಮದುವೆಯ ಇಳಕಲ್ ಸೀರೆ ತಂದರು. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡೂ ಕೂಡುವ ಜಾಗ ಬೆರಳಿನಿಂದ ಮುಟ್ಟಿ ತೋರಿಸಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಸಿಕ್ಕಿಸುತ್ತಾ ಹೋಗಬೇಕು. ಅದಕ್ಕೆ ಕೊಂಡಿ ಅನ್ನುತ್ತಾರೆ. ಚಿಕ್ಕಂದಿನಲ್ಲಿ ಅವರ ಅವ್ವ ದಿನವಿಡೀ ಕೂತು ಆ ಎಳೆ ಕೂಡಿಸುತ್ತಿದ್ದದ್ದನ್ನು ಅವರು ನೋಡಿದ್ದಾರೆ.

"ಈ ಪುಸ್ತಕದಾಗ ಒಡಲೂ ಐತಿ, ಸೆರಗೂ ಐತಿ. ಕೊಂಡಿ ಹಾಕಿಲ್ರಿ. ಬಾಜೂಕ ಬಾಜೂ ಇಟ್ಟು ಸೀರಿ ಅಂದಾರ."

ಇಳಕಲ್ ಸೀರೆಯ ಬಗ್ಗೆ ವಿಡಿಯೋ ಮಾಡಲು ಬಂದ ನಾಯಕಿಗೆ ಇಡೀ ಕಾದಂಬರಿಯಲ್ಲಿ ಯಾರೂ ಕೊಂಡಿಯ ಬಗ್ಗೆ ಹೇಳುವುದಿಲ್ಲ. ನಾನು ಹುಡುಕಿ ನೋಡಿದೆ.

ಭಾನುವಾರದ ಮಾತು

ಆ ತಿಂಗಳು ನಮ್ಮ ಪಡಸಾಲೆಯಲ್ಲಿ ಹನ್ನೊಂದು ಜನ ಸೇರಿದ್ದೆವು. ನಾನು ವೈನಿಯ ಅಭಿಪ್ರಾಯವನ್ನು ನನ್ನದು ಅಂತ ಹೇಳದೆ, ಅವರಿಗೇ ಮಾತು ಬಿಟ್ಟೆ.

ನಿವೃತ್ತ ಬ್ಯಾಂಕ್ ನೌಕರರೊಬ್ಬರು ಒಪ್ಪಲಿಲ್ಲ. ನಾಟಕ ಕಂಪನಿಗಳಲ್ಲೂ ಹಾಗೇ ಅಲ್ವಾ ಅಂದರು. ಬನಶಂಕರಿ ಜಾತ್ರೆಗೆ ಬಂದು ಸುಮಾರು ಒಂದು ತಿಂಗಳು ಆಡುವ ಕಂಪನಿಗಳಲ್ಲಿ ಪ್ರೇಮಿಗಳ ಜೋಡಿ ಒಂದು, ಹಾಸ್ಯದವರ ಜೋಡಿ ಇನ್ನೊಂದು. ಜನ ಶಿಳ್ಳೆ ಹೊಡೆಯುವುದು ಹಾಸ್ಯದವರಿಗೇ. ಅಲ್ಲಿ ಸರಿ ಇದ್ದದ್ದು ಇಲ್ಲಿ ಯಾಕೆ ತಪ್ಪು?

ಇದು ಒಳ್ಳೆಯ ಪ್ರಶ್ನೆ. ಆ ದಿನದ ಅತ್ಯುತ್ತಮ ಮಾತು ಬಂದದ್ದು ಇದಕ್ಕೆ ಉತ್ತರವಾಗಿ. ವೈನಿ ಹೇಳಿದರು: "ಕಾಕಾರ, ಜಾತ್ರಿ ನಾಟಕದಾಗ ಹಾಸ್ಯದವ ಶಾಣ್ಯಾ ಇರ್ತಾನ್ರಿ. ಅವನ ಮಾತಿಗೆ ಗೌಡನ ಬಾಯಿ ಕಟ್ಟತೈತಿ. ನಾವು ಅವನ ಸಂಗಾಟ ನಗತೀವಿ. ಈ ಪುಸ್ತಕದಾಗ ಮಾವ ದಡ್ಡ. ಅವನ್ನ ನೋಡಿ ನಗ್ರಿ ಅಂತಾರ. ನಮ್ಮ ಮಾವ, ನಮ್ಮ ಕಾಕಾ, ನಮ್ಮ ರೊಟ್ಟಿ."

ಕಾಕಾ ಏನೂ ಹೇಳಲಿಲ್ಲ. ಚಹಾದ ಕಪ್ ಕೆಳಗಿಟ್ಟು ಪುಸ್ತಕ ತೆಗೆದು 147ನೇ ಪುಟ ಓದತೊಡಗಿದರು.

ಪಾರಿಜಾತದಲ್ಲೂ ಹಾಗೇ. ಅಲ್ಲಿ ದೂತಿ ನಮ್ಮೂರಿನ ಮಾತಿನಲ್ಲೇ ಆಟ ನಡೆಸುವ ಭಾಗವತನ ಕಾಲೆಳೆಯುತ್ತಾಳೆ, ದೊಡ್ಡವರ ದೊಡ್ಡಸ್ತಿಕೆ ಇಳಿಸುತ್ತಾಳೆ. ಆದರೆ ನಗಿಸುವ ಕೆಲಸವನ್ನು ಪೂರ್ತಿ ಅವಳಿಗೇ ಬಿಟ್ಟು ಸತ್ಯಭಾಮೆ ಗಂಭೀರವಾಗಿ ಕೂರುವುದಿಲ್ಲ. ಅವಳ ಮುನಿಸೂ ಚುರುಕು, ಮಾತೂ ಚುರುಕು.

ನಮ್ಮ ಗುಂಪಿನಲ್ಲಿ ಬಿ.ಎಸ್ಸಿ. ಓದುವ ಒಬ್ಬ ಹುಡುಗಿ ಇದ್ದಾಳೆ. ಅವಳಿಗೆ ಪುಸ್ತಕ ತುಂಬ ಇಷ್ಟವಾಗಿತ್ತು. ಬಸ್‌ಸ್ಟ್ಯಾಂಡಿನ ದೃಶ್ಯದಲ್ಲಿ ಅತ್ತುಬಿಟ್ಟೆ ಅಂದಳು. ಕನ್ನಡದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದ ಮೊದಲ ಕಾದಂಬರಿ ಇದೇ ಅಂದಳು. ಅದನ್ನು ಕೇಳಿ ನನಗೆ ಕಾದಂಬರಿಯ ಬಗ್ಗೆ ಗೌರವ ಹುಟ್ಟಿತು. ಒಬ್ಬ ಹುಡುಗಿಯ ಕೈಯಲ್ಲಿ 290 ಪುಟ ಕನ್ನಡ ಓದಿಸುವುದು ಸಣ್ಣ ಕೆಲಸವಲ್ಲ. ವೈನಿ ಕೂಡ ಅವಳ ಮಾತನ್ನು ಕತ್ತರಿಸಲಿಲ್ಲ. ಒಂದೇ ಒಂದು ಕೇಳಿದರು: "ಅವರಿಬ್ಬರೂ ಆಡಿದ ಮಾತು ಒಂದರೆ ನೆನಪೈತೇನವಾ?" ಹುಡುಗಿ ಬಹಳ ಹೊತ್ತು ಯೋಚಿಸಿದಳು. ಮಾವನ ಮಾತು ನಾಲ್ಕು ನೆನಪಿದ್ದವು.

ಆಗ ನಾನು 1813ರಲ್ಲಿ ಬಂದ ಜೇನ್ ಆಸ್ಟಿನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಥೆ ಹೇಳಿದೆ. ಇವತ್ತಿನ ರೊಮ್ಯಾಂಟಿಕ್ ಕಾಮಿಡಿಗಳು ಆ ಕಾದಂಬರಿಯಿಂದ ಬಹಳ ಸಾಲ ತಂದಿವೆ. ಅಲ್ಲೂ ತಪ್ಪು ತಿಳಿವಳಿಕೆ ಇದೆ. ಆದರೆ ಕಥೆಯ ನಡುವಿನಲ್ಲೇ ಡಾರ್ಸಿ ಒಂದು ಉದ್ದದ ಪತ್ರ ಬರೆದು ನಡೆದದ್ದನ್ನು ಹೇಳಿಬಿಡುತ್ತಾನೆ. ವಿಷಯ ತಿಳಿದರೂ ಎಲಿಜಬೆತ್‌ಳ ಕಥೆ ಮುಗಿಯುವುದಿಲ್ಲ, ಯಾಕೆಂದರೆ ತಾನು ಜನರನ್ನು ಎಷ್ಟು ಬೇಗ ತೂಗಿಬಿಡುತ್ತೇನೆ ಅನ್ನುವುದು ಅವಳಿಗೆ ಆಗ ಕಾಣುತ್ತದೆ. ತಡೆ ಅವಳ ಸ್ವಭಾವದಲ್ಲೇ ಇತ್ತು. ನಮ್ಮ ಕಾದಂಬರಿಯಲ್ಲಿ ತಡೆ ಇರುವುದು ಚಿಕ್ಕಪ್ಪನ ಮಗಳ ಪರಿಚಯ ಮಾಡಿಸದೇ ಇದ್ದದ್ದರಲ್ಲಿ. ಹುಡುಗಿ ಇದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಒಂದು ಪುಟ ತಿರುಗಿ ಓದಿದ್ದು

ವೈನಿಯೇ ಒಂದು ಸಲಹೆ ಕೊಟ್ಟರು. ನಾಯಕನಿಗೆ ಅವನ ಅಜ್ಜಿಯ ಮಾತು ಕೊಟ್ಟು ನೋಡೋಣ. ಕಥೆ ಅದೇ ಇರಲಿ, ಘಟನೆ ಅದೇ ಇರಲಿ. ನಾಯಕ ನಾಯಕಿ ಮೊದಲ ಸಲ ಮನಸ್ಸು ಬಿಚ್ಚುವ ದೃಶ್ಯ ಆರಿಸಿಕೊಂಡೆವು. ಕಾದಂಬರಿಯಲ್ಲಿ ಅವನು ಅಲ್ಲಿ ಒಂದು ಪುಟ ಮಾತಾಡುತ್ತಾನೆ: ಅವಳನ್ನು ನೋಡಿದ ಕ್ಷಣದಿಂದ ತನ್ನ ಲೋಕ ಬೇರೆಯಾಯಿತು ಅನ್ನುವಂಥ ಮಾತು. ಅವಳು ತಲೆ ತಗ್ಗಿಸಿ ಕೇಳುತ್ತಾಳೆ.

ಕಾಕಾ ನಾಯಕನಾದರು, ವೈನಿ ನಾಯಕಿಯಾದರು. ಬರೆದುಕೊಂಡಿದ್ದು ಏನೂ ಇರಲಿಲ್ಲ, ಬಾಯಿಗೆ ಬಂದದ್ದು.

"ನಿನ್ನ ನೋಡಿದಾಗಿಂದ ಚಹಾಕ್ಕ ಸಕ್ಕರಿ ಹಾಕೀನೋ ಇಲ್ಲೋ ನೆನಪ ಉಳೀವಲ್ದು."

"ಹಂಗಾದ್ರ ಇನ್ನೊಮ್ಮೆ ಹಾಕ್ಕೋ. ನಿಮ್ಮ ಜಿಲ್ಲಾದಾಗ ಸಕ್ಕರಿ ಫ್ಯಾಕ್ಟರಿಗೇನು ಬರಾನ?"

"ಎರಡ ಸಲ ಹಾಕಿದ್ರ ಚಹಾ ಸಿಹಿ ಆಗತೈತಿ."

"ಆಗ್ಲಿ. ಒಂದ ಕಪ್ಪಿನಾಗ ಇಬ್ಬರೂ ಕುಡದ್ರ ಹಿಡಸತೈತಿ."

ಪಡಸಾಲೆ ತುಂಬ ನಗು. ಆಮೇಲೆ ಒಂದು ಸಣ್ಣ ಮೌನ. ಅವಳು ಒಪ್ಪಿದಳು ಅನ್ನುವುದು ಆ ಕೊನೆಯ ಮಾತಿನಲ್ಲೇ ಇತ್ತು. ನಕ್ಕ ಮೇಲೆ ಅದು ಎಲ್ಲರಿಗೂ ಹೊಳೆಯಿತು. ಹುಡುಗಿ ಕೈ ಬಾಯಿಗೆ ಇಟ್ಟುಕೊಂಡು ವೈನಿಯನ್ನೇ ನೋಡುತ್ತಿದ್ದಳು.

ನಗುವಿನಿಂದ ಒಪ್ಪಿಗೆಗೆ ಹೋಗಲು ಅಲ್ಲಿ ಬೇರೆ ದೃಶ್ಯ ಬೇಕಾಗಲಿಲ್ಲ. ನಾಲ್ಕೇ ಸಾಲು. ಅದೂ ಕಥೆಗಾರರಲ್ಲದ ಇಬ್ಬರು ಸುಮ್ನೆ ಆಡಿದ್ದು. ನಮ್ಮ ಮಾತಿಗೆ ಪ್ರೀತಿ ಮಾಡಲು ಬರುತ್ತದೆ. ಅದಕ್ಕೆ ಪುಸ್ತಕದಲ್ಲಿ ಜಾಗ ಸಿಗಲಿಲ್ಲ ಅನ್ನುವುದು ನನ್ನ ಸಂಕಟ.

ಆಮೇಲೆ

ವೈನಿ ಪುಸ್ತಕವನ್ನು ಮತ್ತೆ ಒಯ್ದು ಪೂರ್ತಿ ಓದಿದರು. ಬಸ್‌ಸ್ಟ್ಯಾಂಡಿನ ದೃಶ್ಯ ಚೆನ್ನಾಗಿದೆ ಅಂತ ಒಪ್ಪಿಕೊಂಡರು, ಹುಡುಗಿಗೆ ಫೋನ್ ಮಾಡಿ ಹೇಳಿದರು ಕೂಡ. ಪ್ರಕಾಶಕರ ವಿಳಾಸಕ್ಕೆ ಒಂದು ಪತ್ರ ಬರೆದರು. ನನಗೆ ತೋರಿಸಿದರು. ಸಿಟ್ಟಿನ ಮಾತು ಅದರಲ್ಲಿ ಒಂದೂ ಇಲ್ಲ. ಹೋಳಿಗೆ ಬನ್ನಿ, ನಮ್ಮ ಮನೆಯಲ್ಲೇ ಉಳಿಯಿರಿ, ಇಳಕಲ್ಲಿಗೆ ಕರೆದುಕೊಂಡು ಹೋಗಿ ಕೊಂಡಿ ಹಾಕುವುದನ್ನು ತೋರಿಸುತ್ತೇನೆ, ಮುಂದಿನ ಪುಸ್ತಕದಲ್ಲಿ ನಾಯಕ ಅಜ್ಜಿಯ ಜೊತೆ ಅಜ್ಜಿಯ ಮಾತಿನಲ್ಲೇ ಮಾತಾಡಲಿ ಅಂತ ಇತ್ತು. ಉತ್ತರ ಇನ್ನೂ ಬಂದಿಲ್ಲ.

ನಾನು ಮಾಡಿದ ಬದಲಾವಣೆ ಒಂದು. ಪುಸ್ತಕ ಆರಿಸುವಾಗ ಈಗ ಹಿಂದಿನ ಕವರ್ ಓದುವುದಿಲ್ಲ. ನಡುವಿನ ಎರಡು ಪುಟ ತೆಗೆದು, ಮುಖ್ಯ ಪಾತ್ರಗಳು ಆಡುವ ಮಾತನ್ನು ಮಾತ್ರ ಗಟ್ಟಿಯಾಗಿ ಓದುತ್ತೇನೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಮುಂದಿನ ತಿಂಗಳಿಗೆ ಕಾದಂಬರಿ ಇಲ್ಲ. ಪಾರಿಜಾತದ ಬಾಗಿಲ ಪ್ರಸಂಗವನ್ನು ಎಲ್ಲರೂ ಪಾತ್ರ ಹಂಚಿಕೊಂಡು ಓದುವುದು ಅಂತ ಆಗಿದೆ. ಸತ್ಯಭಾಮೆ ತನಗೇ ಬೇಕು ಅಂತ ಬಿ.ಎಸ್ಸಿ. ಹುಡುಗಿ ಮೊದಲೇ ಹೇಳಿ ಇಟ್ಟಿದ್ದಾಳೆ. ಕೃಷ್ಣ ಕಾಕಾ. ವೈನಿ ದೂತಿ. ಭಾಗವತನ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.